ಲಕ್ಷದ್ವೀಪಕ್ಕೆ ಹಡಗಲ್ಲಿ ಹೋದೆವು, ದ್ವೀಪಕ್ಕೆ ಕಾಲಿಡಲಿಲ್ಲ

"ಸಮುದ್ರ ನೋಡ್ಲಿಕ್ಕೆ ಇಷ್ಟು ದುಡ್ಡಾ ಮಾರಾಯ್ತಿ? ಪಣಂಬೂರಿಗೆ ಹೋದ್ರೆ ಸಾಕಿತ್ತಲ್ಲ" ಅಂತ ಬುಕ್ ಮಾಡಿದ ದಿನವೇ ಅಮ್ಮ ಹೇಳಿದ್ದರು.

ಮಂಗಳೂರಿನವರಿಗೆ ಲಕ್ಷದ್ವೀಪ ಹೊಸದೇನಲ್ಲ. ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ತುಂಬಿಕೊಂಡು ಮಂಜಿಗಳು, ಅಂದರೆ ಸರಕಿನ ಮರದ ಹಡಗುಗಳು, ಹೋಗುವುದನ್ನು ನೋಡಿಕೊಂಡೇ ಬೆಳೆದವರು ನಾವು. ಅಮಿನಿ, ಕಡಮತ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದವು. ಆದರೂ ಪ್ರವಾಸದ ಹಡಗು ಹತ್ತಲು ರಾತ್ರಿ ರೈಲಲ್ಲಿ ಕೊಚ್ಚಿಗೆ ಹೋಗಬೇಕಾಯಿತು. ಮೂರು ರಾತ್ರಿ, ನಾನು, ಅಮ್ಮ, ಅಕ್ಕ. ಹಡಗಿನ ಹೆಸರು ಬೇಡ ಬಿಡಿ.

ಹತ್ತುವಾಗಲೇ ಎರಡೂವರೆ ಗಂಟೆ ಸಾಲು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಅಮ್ಮನ ಮಿಡಿ ಉಪ್ಪಿನಕಾಯಿ ಬಾಟಲಿ ಅಲ್ಲೇ ಜಪ್ತಿ, ಕೈಗೊಂದು ಟೋಕನ್.

ರೂಮಿಗೆ ಕಿಟಕಿ ಇರಲಿಲ್ಲ. ಅಗ್ಗದ್ದೇ ತೆಗೊಂಡಿದ್ದೆವು. ಬೆಳಗಾಯಿತೋ ಇಲ್ಲವೋ ಅಂತ ಮೊಬೈಲ್ ನೋಡಿಯೇ ತಿಳಿಯಬೇಕು, ಆದರೆ ಕೆಳಗಿನಿಂದ ಎಂಜಿನಿನ ಸಣ್ಣ ಗುಂಯ್ ಸದ್ದು ಬರ್ತಾ ಇರುತ್ತದಲ್ಲ, ಅದಕ್ಕೆ ನಾನು ವರ್ಷಗಳಿಂದ ಮಾಡದಷ್ಟು ಒಳ್ಳೆ ನಿದ್ದೆ ಮಾಡಿದೆ. ಊಟ ಧಾರಾಳ. ಇಡ್ಲಿ ಮಾತ್ರ ಬೇಡವೇ ಬೇಡ. ಜೈನ ಊಟದ ಕೌಂಟರಿಗೆ ಹೋಗಿ, ಅಲ್ಲಿ ಜನ ಕಡಿಮೆ, ಫುಲ್ಕಾ ಬಿಸಿಬಿಸಿ ಸಿಗುತ್ತದೆ.

ಕಿರಿಕಿರಿ ಅಂದರೆ ದುಡ್ಡು. ರೂಮಿನ ಕೀ ಕಾರ್ಡನ್ನೇ ಎಲ್ಲ ಕಡೆ ಉಜ್ಜುತ್ತಾರೆ, ನೋಟು ಕೈಯಿಂದ ಹೋಗುವುದಿಲ್ಲವಲ್ಲ, ಖರ್ಚಾಗ್ತಿದೆ ಅಂತ ಗೊತ್ತೇ ಆಗುವುದಿಲ್ಲ. ವೈಫೈಗೆ ಬೇರೆ, ಒಳ್ಳೆ ಕಾಫಿಗೆ ಬೇರೆ. ಈಜುಕೊಳದ ಹತ್ತಿರ ಡಿಜೆ ಬೆಳಗ್ಗೆ ಹನ್ನೊಂದಕ್ಕೇ ಶುರು. ಕೊನೆ ರಾತ್ರಿ ಬಾಗಿಲ ಸಂದಿಯಿಂದ ಬಿಲ್ಲು ತೂರಿ ಬಂತು, ಅಕ್ಕ ಅದನ್ನು ಅಮ್ಮನಿಗೆ ತೋರಿಸಲೇ ಇಲ್ಲ.

ಇನ್ನು ನಾವು ಇಳಿಯಬೇಕಿದ್ದ ದ್ವೀಪ, ಅಗತ್ತಿ. ಸುತ್ತ ಹವಳದ ದಿಬ್ಬ, ಒಳಗೆ ಆಳ ಕಡಿಮೆ. ದೊಡ್ಡ ಹಡಗು ಹೊರಗೇ ನಿಲ್ಲಬೇಕು, ಜನ ಸಣ್ಣ ಬೋಟಿಗೆ ಇಳಿದು ಹೋಗಬೇಕು. ಆ ದಿನ ನೀರು ಏರಿಳಿಯುತ್ತಿತ್ತು, ಬೋಟು ಹಡಗಿನ ಪಕ್ಕ ನಿಲ್ಲುತ್ತಲೇ ಇರಲಿಲ್ಲ. ಹತ್ತೂವರೆಗೆ ಮೈಕಿನಲ್ಲಿ ಕ್ಯಾನ್ಸಲ್ ಅಂದರು. ಸಮುದ್ರದ ಮೇಲೆ ನನಗೆ ಸಿಟ್ಟಿಲ್ಲ. ಹೀಗೂ ಆಗಬಹುದು ಅಂತ ಬುಕ್ ಮಾಡುವಾಗ ಒಂದು ಮಾತು ಹೇಳಬೇಕಿತ್ತು ಅಲ್ವಾ? ಬೋಟಿನ ದುಡ್ಡು ವಾಪಸ್ ಬರಲು ಮೂರು ವಾರ ಆಯಿತು. ನಮಗೆ ಕಂಡದ್ದು ತೆಂಗಿನ ಮರಗಳ ಒಂದು ಗೆರೆ, ಅದರ ಮುಂದೆ ತಿಳಿ ಹಸಿರು ನೀರಿನ ಪಟ್ಟಿ, ಅಷ್ಟೆ.

ಆದರೆ ಮಾರನೇ ದಿನ ಬೆಳಗ್ಗೆ ಐದೂವರೆಗೆ ಅಮ್ಮ ನನ್ನನ್ನು ಎಬ್ಬಿಸಿ ಡೆಕ್ಕಿಗೆ ಕರೆದುಕೊಂಡು ಹೋದರು. ನೆಲ ಒರೆಸುವ ಇಬ್ಬರು ಹುಡುಗರು ಬಿಟ್ಟರೆ ಯಾರೂ ಇಲ್ಲ. ಕಂಬಿ ಹಿಡಿದು ತುಂಬಾ ಹೊತ್ತು ನಿಂತವರು, "ಇಲ್ಲಿ ಸಮುದ್ರಕ್ಕೆ ಶಬ್ದವೇ ಇಲ್ಲ ನೋಡು" ಅಂದರು. ಹೌದಲ್ಲ! ದಡ ಇದ್ದರೆ ತಾನೇ ತೆರೆ ಒಡೆಯುವುದು. ಹಡಗು ಸೀಳಿದ ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅಷ್ಟರಲ್ಲಿ ಹಡಗಿನ ಪಕ್ಕದಿಂದ ಹಾರುಮೀನಿನ ಹಿಂಡು ಎದ್ದಿತು. ಕೆರೆಗೆ ಚಪ್ಪಟೆ ಕಲ್ಲು ಬೀಸಿದ ಹಾಗೆ ನೀರನ್ನು ಮುಟ್ಟಿಯೂ ಮುಟ್ಟದೆ ಅಷ್ಟು ದೂರ ಹೋಗಿ ಮಾಯ. ಅಮ್ಮ ಅದನ್ನೇ ಕಾಯುತ್ತಾ ತಿಂಡಿಗೂ ಬರಲಿಲ್ಲ. ಪಣಂಬೂರಿನ ಸುದ್ದಿ ಮತ್ತೆ ತೆಗೆಯಲಿಲ್ಲ.

ಹೋಗುವವರಿಗೆ ನನ್ನ ಸಲಹೆ: ಒಳಗಿನ ರೂಮೇ ತೆಗೊಳ್ಳಿ, ಅಲಾರಾಂ ಇಟ್ಟುಕೊಳ್ಳಿ, ದ್ವೀಪದ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ವಾಂತಿ ಮಾತ್ರೆ ಊರಿಂದಲೇ ಒಯ್ಯಿರಿ.

ಇಳಿಯುವಾಗ ಟೋಕನ್ ಕೊಟ್ಟು ಉಪ್ಪಿನಕಾಯಿ ವಾಪಸ್ ತಂದೆವು. ಮನೆಗೆ ಬಂದು ಎರಡು ದಿನ ಆದರೂ ಅಮ್ಮ ಬಚ್ಚಲಲ್ಲಿ ಗೋಡೆ ಹಿಡಿದುಕೊಂಡು ನಿಲ್ಲುತ್ತಿದ್ದರು. "ನೆಲ ಇನ್ನೂ ಅಲ್ಲಾಡ್ತಾ ಉಂಟು" ಅಂತ ಒಳಗಿಂದಲೇ ಕೂಗಿ ನಗುತ್ತಿದ್ದರು.