ಸೈಕಲ್‌ನಲ್ಲಿ ಘಟ್ಟದ ಕಾಲುದಾರಿಗೆ ಯಾವ ಮ್ಯಾಪ್?

ಮಣಿಪಾಲದ ಪೇಟೆಯೊಳಗೆ ಗೂಗಲ್ ಮ್ಯಾಪ್ಸ್ ಸಾಕು. ಕಾರ್ಕಳ ದಾಟಿ ಘಟ್ಟದ ಬುಡ ಸೇರಿ ನೆಟ್‌ವರ್ಕ್ ಕೈಕೊಟ್ಟಿತೋ, ಆಫ್‌ಲೈನ್‌ನಲ್ಲಿ ಅದು ಹೇಳುವುದು ವಾಹನದ ದಾರಿ ಮಾತ್ರ, ಸೈಕಲ್‌ನದ್ದಲ್ಲ.

ಆರ್ಗಾನಿಕ್ ಮ್ಯಾಪ್ಸ್ ಎಂಬ ಆ್ಯಪ್ ಉಚಿತ, ಜಾಹೀರಾತಿಲ್ಲ. ಮನೆಯಲ್ಲೇ ನಕ್ಷೆ ಇಳಿಸಿಕೊಂಡರೆ ಕಾಡಿನಲ್ಲೂ ಸೈಕಲ್ ದಾರಿ, ಏರಿಳಿತದ ಗ್ರಾಫ್ ಎರಡೂ ಸಿಗುತ್ತವೆ. ಹೊಸಬರಿಗೆ ಇದೇ ಸರಿ. ಓಸ್ಮ್‌ಆ್ಯಂಡ್ ಎಂಬ ಇನ್ನೊಂದು ಆ್ಯಪ್‌ನಲ್ಲಿ ಸೌಲಭ್ಯ ಇನ್ನೂ ಹೆಚ್ಚು. ಆದರೆ ಮೆನು ಚಕ್ರವ್ಯೂಹ, ಉಚಿತ ಆವೃತ್ತಿಯಲ್ಲಿ ನಕ್ಷೆ ಇಳಿಸಲು ಮಿತಿಯೂ ಉಂಟು. ಎರಡರ ಮೂಲವೂ ಜನರೇ ಸೇರಿ ಗುರುತಿಸುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್. ಅಲ್ಲಿ ಯಾರೂ ಗುರುತಿಸದ ಕಾಲುದಾರಿ ಇವೆರಡರಲ್ಲೂ ಕಾಣದು. ತೋರಿಸಿದ ದಾರಿ ಕೆಂಪುಕಲ್ಲಿನ ಕೋರೆಯ ಅಂಚಿನಲ್ಲಿ ಮುಗಿದರೂ ಆಶ್ಚರ್ಯವಿಲ್ಲ.

ಆಟಿ ತಿಂಗಳ ಜೋರು ಮಳೆಯಲ್ಲಿ ಸ್ಕ್ರೀನ್ ಹನಿಯನ್ನೇ ಬೆರಳೆಂದು ತಿಳಿದು ತಾನಾಗಿ ಜೂಮ್ ಆಗುತ್ತದೆ. ದಾರಿ ಹೇಳುವ ವಾಯ್ಸ್ ಹಾಕಿ, ಸ್ಕ್ರೀನ್ ಆರಿಸಿ, ಫೋನನ್ನು ಜಿಪ್ ಕವರ್‌ನಲ್ಲಿ ಜೇಬಿಗಿಳಿಸಿ. ಬ್ಯಾಟರಿಯೂ ಉಳಿಯುತ್ತದೆ.