ಕುಂಜಿಬೆಟ್ಟಿನ ಬೋರ್ಡಿಲ್ಲದ ಕಂಪ್ಯೂಟರ್ ಅಂಗಡಿ: ಗೇಮ್ ಮಧ್ಯೆ ಟಪ್ ಅಂತ ಆಫ್ ಆಗುತ್ತಿದ್ದ ಪಿಸಿ ಸರಿಯಾಯ್ತು

ಅಂಗಡಿಯ ಹೆಸರು ಮಾತ್ರ ಕೇಳಬೇಡಿ. ರಿವ್ಯೂ ಬರೆಯುತ್ತೇನೆ ಅಂದಾಗ ಅವರೇ ಕೈಮುಗಿದರು. "ಹೆಸರು ಹಾಕ್ಬೇಡಿ ಮಾರಾಯ್ರೆ, ಈಗ್ಲೇ ಎಂಟು ಸಿಪಿಯು ಬಾಕಿ ಉಂಟು." ಉಡುಪಿಯ ಕುಂಜಿಬೆಟ್ಟಿನಲ್ಲಿ, ಎಂಜಿಎಂ ಕಾಲೇಜಿನಿಂದ ಸ್ವಲ್ಪ ನಡೆದರೆ, ಒಂದು ಝೆರಾಕ್ಸ್ ಅಂಗಡಿಯ ಹಿಂದೆ ಇರುವ ಒಂದೇ ಕೋಣೆ. ಬೋರ್ಡ್ ಇಲ್ಲ. ಮಣಿಪಾಲದ ಹುಡುಗರ ಗೇಮಿಂಗ್ ಪಿಸಿಗಳೇ ಅಲ್ಲಿಗೆ ಜಾಸ್ತಿ ಬರುವುದಂತೆ, ಹಾಗಾಗಿ ನನ್ನ ತಲೆನೋವು ಅವರಿಗೆ ಹೊಸದಲ್ಲ.

ತಲೆನೋವು ಏನಂದರೆ, ನನ್ನದು ರೈಜೆನ್ 5 3600 ಪ್ರೊಸೆಸರ್, 16 ಜಿಬಿ ರ‍್ಯಾಮ್, ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್, ಕಾರ್ಡ್ ಎರಡೂ 2019ರ ಮಾಲು, ಆದರೆ ನನಗೆ ಧಾರಾಳ ಸಾಕು. ಹಗಲು ಆಫೀಸ್ ಕೆಲಸ, ಯೂಟ್ಯೂಬ್ ಅಂತ ಎಂಟು ಗಂಟೆ ಓಡಿದರೂ ಏನೂ ತೊಂದರೆ ಇಲ್ಲ. ರಾತ್ರಿ ಊಟ ಮುಗಿಸಿ ಜಿಟಿಎ 5 ಹಾಕಿದರೆ ಹದಿನೈದು ಇಪ್ಪತ್ತು ನಿಮಿಷ, ಅಷ್ಟೇ. ಟಪ್. ಸ್ಕ್ರೀನ್ ಕಪ್ಪು, ಫ್ಯಾನ್ ನಿಂತು ಮತ್ತೆ ತಿರುಗಿ ಪಿಸಿ ತಾನೇ ಶುರುವಾಗುತ್ತದೆ. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ವಿಚಿತ್ರ ಅಂದರೆ ವ್ಯಾಲರಂಟ್ ಆಡಿದರೆ ಏನೂ ಆಗುತ್ತಿರಲಿಲ್ಲ.

ಮೊದಲು ಬೇರೆ ಒಂದು ಅಂಗಡಿಗೆ ಕೊಂಡುಹೋಗಿದ್ದೆ. ಆನ್ ಮಾಡಿ ನೋಡಿ "ವೈರಸ್" ಅಂದರು. ಹೊಸದಾಗಿ ವಿಂಡೋಸ್ ಹಾಕಿ 700 ರೂಪಾಯಿ. ಅದೇ ರಾತ್ರಿ ಮತ್ತೆ ಟಪ್. ಎರಡನೇ ಸಲ ಹೋದಾಗ ಕವರ್ ಕೂಡ ಬಿಚ್ಚದೆ "ಕಾರ್ಡ್ ಹೋಗಿದೆ, ಹೊಸತು ಹಾಕಿ, ಇಪ್ಪತ್ತು ಸಾವಿರದ ಒಳಗೆ ಬರ್ತದೆ" ಅಂದರು. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದ ಕಾರಣ ನನಗೂ ಹೌದಿರಬಹುದು ಅನಿಸಿತು, ಅದು ಬೇರೆ.

ದುಡ್ಡು ಕೊಡುವ ಮೊದಲು ನಾನೇ ಒಂದು ವಾರ ಗುದ್ದಾಡಿದೆ. ನಮ್ಮ ಮನೆ ಮಲ್ಪೆಯಲ್ಲಿ, ಕಡಲಿನಿಂದ ತುಂಬಾ ದೂರ ಇಲ್ಲ. ಉಪ್ಪುಗಾಳಿಗೆ ಕಿಟಕಿಯ ಸರಳೇ ತುಕ್ಕು ಹಿಡಿಯುವ ಜಾಗ. ಅದಕ್ಕೇ ರ‍್ಯಾಮ್, ಕಾರ್ಡ್ ಎರಡನ್ನೂ ತೆಗೆದು ಕಾಂಟ್ಯಾಕ್ಟ್‌ಗಳನ್ನು ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿ ಹಾಕಿದೆ. ಮೆಮ್‌ಟೆಸ್ಟ್86 ಅನ್ನುವ ರ‍್ಯಾಮ್ ಪರೀಕ್ಷೆ ರಾತ್ರಿಯಿಡೀ ಓಡಿಸಿದೆ, ನಾಲ್ಕು ಸುತ್ತು ಮುಗಿದರೂ ಒಂದೂ ಎರರ್ ಇಲ್ಲ. ಬಿಸಿ ನೋಡಿದರೆ ಆಫ್ ಆಗುವ ಹೊತ್ತಿಗೆ ಕಾರ್ಡ್ 72 ಡಿಗ್ರಿ, ಪ್ರೊಸೆಸರ್ 78. ಈ ಪ್ರೊಸೆಸರ್ 95 ಡಿಗ್ರಿ ತನಕ ತಡೆಯುತ್ತದೆ, ಹಾಗಾಗಿ ಬಿಸಿಯೂ ಅಲ್ಲ. ವಿಂಡೋಸ್ ತನ್ನ ಎರರ್ ಎಲ್ಲ ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕಿದ್ದು "ಕರ್ನಲ್-ಪವರ್ 41" ಅನ್ನುವ ಕೆಂಪು ಗುರುತು. ಅದು ಕಾರಣ ಹೇಳುವುದಿಲ್ಲ, ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ಮತ್ತೆ ಶುರುವಾಗಿದೆ ಅಂತ ಮಾತ್ರ ಹೇಳುತ್ತದೆ. ಅದರ ಒಳಗೆ ಬಗ್‌ಚೆಕ್ ಕೋಡ್ (ವಿಂಡೋಸ್ ಕ್ರ್ಯಾಶ್ ಆದರೆ ಬರೆದಿಡುವ ಎರರ್ ನಂಬರ್) 0 ಇತ್ತು. ಅದನ್ನು ಫೋಟೋ ಹೊಡೆದು ಇಟ್ಟುಕೊಂಡೆ, ಅರ್ಥ ಆಗಿರಲಿಲ್ಲ.

ಕುಂಜಿಬೆಟ್ಟಿನವರು ಆ ಫೋಟೋ ನೋಡಿದ ಕೂಡಲೇ ವಿಂಡೋಸ್ ವಿಷಯ ಬಿಟ್ಟೇಬಿಟ್ಟರು. ಸೊನ್ನೆ ಅಂದರೆ ವಿಂಡೋಸಿಗೆ ಎರರ್ ಬರೆದಿಡಲಿಕ್ಕೂ ಪುರುಸೊತ್ತು ಸಿಕ್ಕಿಲ್ಲ, ಕರೆಂಟೇ ಕೈಕೊಟ್ಟಿರಬೇಕು ಅಂತ. ಆಮೇಲೆ ಎರಡು ಪ್ರಶ್ನೆ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿದ್ರಾ? ನೋಡಿದ್ದೆ, ಹಾಗೂ ಆಫ್ ಆಗಿತ್ತು. ಗೇಮಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) 30ಕ್ಕೆ ಲಾಕ್ ಮಾಡಿ ಆಡಿದ್ರಾ? ಇಲ್ಲ. ಲಾಕ್ ಮಾಡಿದರೆ ಕಾರ್ಡಿಗೆ ಕೆಲಸ ಕಡಿಮೆ, ಹಾಗಾಗಿ ಅಲ್ಲೇ ಲಾಕ್ ಮಾಡಿ ಓಡಿಸಿಟ್ಟರು. ಒಂದು ಗಂಟೆ ಆದರೂ ಪಿಸಿ ಅಲ್ಲಾಡಲಿಲ್ಲ! ಲಾಕ್ ತೆಗೆದರೆ ಹನ್ನೆರಡೇ ನಿಮಿಷಕ್ಕೆ ಆಫ್. ಅಂದರೆ ಕಾರ್ಡ್ ಕೆಟ್ಟಿಲ್ಲ, ಅದು ಜೋರು ಎಳೆದಾಗ ಕೊಡುವವನಿಗೆ, ಅಂದರೆ ಪಿಸಿಯೊಳಗೆ ಕರೆಂಟ್ ಹಂಚುವ ಎಸ್ಎಂಪಿಎಸ್ ಡಬ್ಬಿಗೆ, ಕೊಡಲಿಕ್ಕೆ ಆಗ್ತಾ ಇಲ್ಲ. ಹಗುರ ಗೇಮ್ ಆದ ವ್ಯಾಲರಂಟ್ ಯಾಕೆ ನಡೆಯುತ್ತಿತ್ತು ಅಂತ ಆಗ ತಲೆಗೆ ಹೋಯ್ತು.

ನಂಗೆ ತುಂಬಾ ಇಷ್ಟವಾದದ್ದು ಮುಂದಿನ ಹತ್ತು ನಿಮಿಷ. ಮಲ್ಟಿಮೀಟರ್ ತಂದು, ಎಸ್ಎಂಪಿಎಸ್‌ನ ಖಾಲಿ ಕನೆಕ್ಟರಿನ ಹಳದಿ ವಯರಿಗೊಂದು, ಕಪ್ಪಿಗೊಂದು ಕಡ್ಡಿ ಚುಚ್ಚಿ, ನನ್ನನ್ನೂ ನೋಡ್ಲಿಕ್ಕೆ ಕರೆದರು. ಸುಮ್ನೆ ಇದ್ದಾಗ 12.05 ವೋಲ್ಟ್. ಫರ್‌ಮಾರ್ಕ್ ಹಾಕಿ ಕಾರ್ಡನ್ನು, ಪ್ರೈಮ್95 ಹಾಕಿ ಪ್ರೊಸೆಸರನ್ನು ಒಟ್ಟಿಗೆ ಓಡಿಸಿದರು. 11.7. 11.5. "ಹನ್ನೊಂದು ಪಾಯಿಂಟ್ ನಾಲ್ಕಕ್ಕಿಂತ ಕೆಳಗೆ ಹೋಗ್ಲಿಕ್ಕಿಲ್ಲ, ಐದು ಪರ್ಸೆಂಟ್ ಮಾತ್ರ ಬಿಡುವು" ಅಂತ ಹೇಳುತ್ತಿದ್ದ ಹಾಗೆ 11.2 ತೋರಿಸಿತು, ಟಪ್.

ಆಮೇಲೆ ಎಸ್ಎಂಪಿಎಸ್ ಬಿಚ್ಚಿ ಸ್ಟಿಕ್ಕರ್ ತೋರಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 12 ವೋಲ್ಟ್ ಲೈನಿಗೆ 18 ಆಂಪಿಯರ್. ಗುಣಿಸಿ ನೋಡಿ, 216 ವ್ಯಾಟ್. ಈ ಪ್ರೊಸೆಸರ್ ಹೆಸರಿಗೆ 65 ವ್ಯಾಟಿನದ್ದು, ಜೋರು ಓಡುವಾಗ 88ರ ತನಕ ಎಳೆಯುತ್ತದೆ. ಕಾರ್ಡ್ 125. ಅಲ್ಲಿಗೇ 213 ಆಯ್ತು, ಫ್ಯಾನ್, ಹಾರ್ಡ್ ಡಿಸ್ಕ್, ಮದರ್‌ಬೋರ್ಡ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಇದೇ 12 ವೋಲ್ಟ್ ಲೈನಿನಿಂದ ಅಲ್ವಾ. ಹಳೆಯ ಸಣ್ಣ ಕಾರ್ಡಿಗೆ ಅದು ಹೇಗೋ ಸಾಕಾಗುತ್ತಿತ್ತು. ಕ್ಯಾಬಿನೆಟ್ ಜೊತೆ ಫ್ರೀ ಬಂದ ಎಸ್ಎಂಪಿಎಸ್ ಅದು, ಹಾಗಾಗಿ ಯಾರನ್ನು ಬೈಯುವುದು?

ಇಷ್ಟಾದ ಮೇಲೂ ಹೊಸತನ್ನು ಮಾರಲಿಲ್ಲ ನೋಡಿ. ತಮ್ಮದೇ ಬೆಂಚಿನ ಮೇಲಿದ್ದ ಎಸ್ಎಂಪಿಎಸ್ ಸಿಕ್ಕಿಸಿ ಎರಡು ಗಂಟೆ ಗೇಮ್ ಓಡಿಸಿಟ್ಟರು. ಆಫ್ ಆಗಲಿಲ್ಲ. ಆಮೇಲೆ 550 ವ್ಯಾಟಿನದ್ದು, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ಗುರುತು), 12 ವೋಲ್ಟಿನಲ್ಲಿ 45 ಆಂಪಿಯರ್ ಇರುವುದನ್ನು ಹಾಕಿ ಕೊಟ್ಟರು. 4,200 ರೂಪಾಯಿ, ಟೆಸ್ಟಿಂಗಿಗೆ 300. ಎರಡು ತಿಂಗಳಾಯ್ತು, ಒಮ್ಮೆಯೂ ಟಪ್ ಅಂದಿಲ್ಲ.

ಬೈಯುವುದಕ್ಕೂ ಉಂಟು. ಒಂದು ದಿನದ ಕೆಲಸಕ್ಕೆ ಆರು ದಿನ ಕಾಯಿಸಿದರು, ಫೋನ್ ಎತ್ತುವುದೇ ಇಲ್ಲ. ಬಿಲ್ ಕೇಳಿ ಕೇಳಿ ಪಡೆಯಬೇಕಾಯ್ತು, ವಾರಂಟಿಗೆ ಅದು ಬೇಕೇ ಬೇಕು, ಬಿಡಬೇಡಿ. ಪಾರ್ಕಿಂಗ್ ಅಂತೂ ಇಲ್ಲವೇ ಇಲ್ಲ. ನಾನು ಸಿಪಿಯುವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಲ್ಪೆಯಿಂದ ಬಸ್ಸಿನಲ್ಲೇ ಮಡಿಲಲ್ಲಿಟ್ಟುಕೊಂಡು ಹೋದವ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ.

ಹೋಗುವವರು ಒಂದೂವರೆಯಿಂದ ಮೂರೂವರೆ ನಡುವೆ ಹೋಗಬೇಡಿ, ಊಟಕ್ಕೆ ಬಾಗಿಲು ಹಾಕಿರುತ್ತಾರೆ. ಮಾನಿಟರ್, ಕೀಬೋರ್ಡ್ ಎಲ್ಲ ಅಲ್ಲೇ ಉಂಟು, ಸಿಪಿಯು ಒಂದೇ ಸಾಕು. ಪವರ್ ಕೇಬಲ್ ಕೊಂಡುಹೋದರೆ ಹೆಸರು ಬರೆದು ಅಂಟಿಸಿ. ನನ್ನದು ಆ ಕೇಬಲ್ ರಾಶಿಯಲ್ಲಿ ಇನ್ನೂ ಸಿಕ್ಕಿಲ್ಲ.