ಗೋವಾ, ಮುರ್ಡೇಶ್ವರ, ಹ್ಯಾವ್‌ಲಾಕ್: ಸ್ಕೂಬಾಕ್ಕೆಂದೇ ಹೋಗುವುದಾದರೆ ಯಾವುದು?

ಗೋವಾದ ಗ್ರ್ಯಾಂಡ್ ದ್ವೀಪದ ಪಕ್ಕ, ಐದಾರು ಮೀಟರ್ ಆಳದಲ್ಲಿ, ನನ್ನ ಜೊತೆಗೇ ಇಳಿದಿದ್ದ ಇನ್ನೊಬ್ಬರ ಕಾಲಿನ ಹಳದಿ ಫಿನ್ (ಈಜುರೆಕ್ಕೆ) ಕಾಣುತ್ತಿತ್ತು, ಅವರ ತಲೆ ಕಾಣುತ್ತಿರಲಿಲ್ಲ. ಸುತ್ತ ಕಲಗಚ್ಚಿನಂಥ ಹಸಿರು ಬಗ್ಗಡ. ಮೀನುಗಳಿದ್ದವು, ಆದರೆ ಮುಖದ ಹತ್ತಿರ ಬಂದಾಗಷ್ಟೇ ಅವು ಮೀನು ಎಂದು ತಿಳಿಯುತ್ತಿತ್ತು. ಹತ್ತು ನಿಮಿಷದಲ್ಲಿ ಮೇಲಕ್ಕೆ ಕರೆತಂದರು. ನಾವು ಇಳಿದುಕೊಂಡಿದ್ದ ಗೋವಾದ ರೆಸಾರ್ಟ್ ಚೆಂದವಿತ್ತು, ಮರಳು ಮೆತ್ತಗಿತ್ತು, ಊಟ ಚೆನ್ನಾಗಿತ್ತು. ಇಷ್ಟೆಲ್ಲ ಇದ್ದ ಮೇಲೆ ಡೈವಿಂಗ್ ಕೂಡ ಚೆನ್ನಾಗಿಯೇ ಇರುತ್ತದೆ ಎಂದು ನಂಬಿ ಹೋದದ್ದು ನನ್ನ ತಪ್ಪು ಲೆಕ್ಕ.

ಆಮೇಲಿನ ನಾಲ್ಕು ವರ್ಷಗಳಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಎರಡು ಸಲ, ಅಂಡಮಾನಿನ ಹ್ಯಾವ್‌ಲಾಕ್‌ಗೆ ಒಂದು ಸಲ, ಗೋವಾಕ್ಕೆ ಮತ್ತೊಂದು ಸಲ ಹೋಗಿಬಂದಿದ್ದೇನೆ. ನಾಲ್ಕು ದಿನ ಕಡಲತೀರದಲ್ಲಿ ಇರಬೇಕು, ನೀರಿಗೂ ಇಳಿಯಬೇಕು ಎನ್ನುವವರು ಈ ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂದು ಕೇಳಿದರೆ ಈಗ ಧೈರ್ಯವಾಗಿ ಉತ್ತರ ಕೊಡಬಲ್ಲೆ.

ಗೋವಾದ ನೀರು ಹಾಗಿರುವುದಕ್ಕೆ ಕಾರಣ ಭೂಪಟದಲ್ಲೇ ಇದೆ. ಮಾಂಡವಿ, ಜುವಾರಿ ಎರಡೂ ನದಿಗಳು ಅಕ್ಕಪಕ್ಕದಲ್ಲೇ ಕಡಲು ಸೇರುತ್ತವೆ. ಗ್ರ್ಯಾಂಡ್ ದ್ವೀಪ ಇರುವುದು ಆ ಅಳಿವೆಗಳಿಂದ ಹೆಚ್ಚು ದೂರವಿಲ್ಲದ ಮುರಗಾವ್ ಕರಾವಳಿಯಾಚೆ. ನದಿ ಹೊತ್ತು ತರುವ ಹೂಳು ನೀರಿನಲ್ಲಿ ತೇಲುತ್ತಲೇ ಇರುತ್ತದೆ. ಇದರಲ್ಲಿ ತರಬೇತುದಾರರ ತಪ್ಪೇನೂ ಇಲ್ಲ. ನನಗೆ ಬೇಸರವಾದದ್ದು ಬೇರೆ ವಿಷಯಕ್ಕೆ. ಬನಾನಾ ಬೋಟ್ ಸವಾರಿ, ಪ್ಯಾರಾಸೇಲಿಂಗ್, ಊಟ, ಎಲ್ಲದರ ಜೊತೆ ಸ್ಕೂಬಾವನ್ನೂ ಒಂದೇ ಪ್ಯಾಕೇಜಿನಲ್ಲಿ ಸೇರಿಸಿ ಮಾರಿದ್ದರು. ದೋಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಕಿವಿಯ ಒತ್ತಡವನ್ನು ಸಮ ಮಾಡಿಕೊಳ್ಳುವುದು ಹೇಗೆಂದು ಹೇಳಿಕೊಟ್ಟದ್ದು ಎರಡೇ ವಾಕ್ಯದಲ್ಲಿ, ಅದೂ ಎಂಜಿನ್ ಗದ್ದಲದ ನಡುವೆ. ಅಸ್ತಮಾ ಇದೆಯೇ, ಶೀತವಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಹತ್ತು ಮೀಟರ್ ಕೆಳಗೆ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಮೂಗು ಕಟ್ಟಿದವರನ್ನು ಹಾಗೆಯೇ ಇಳಿಸಿದರೆ ಕಿವಿಯ ತಮಟೆಗೇ ಪೆಟ್ಟು. ಆರೋಗ್ಯದ ಪ್ರಶ್ನೆಪತ್ರ ತುಂಬಿಸಿಕೊಳ್ಳದವರ ದೋಣಿಯನ್ನು ಯಾರೂ ಹತ್ತಬಾರದು, ಅದು ಯಾವ ಊರಾದರೂ ಸರಿ.

ನೇತ್ರಾಣಿಯ ಮಾತೇ ಬೇರೆ. ಮುರ್ಡೇಶ್ವರದ ದಡದಲ್ಲಿ ನಿಂತು ನೋಡಿದರೆ ಅಲ್ಲಿನ ನೀರೂ ಮಣ್ಣಿನ ಬಣ್ಣದ್ದೇ, ಅದನ್ನು ನೋಡಿ ವಾಪಸು ಹೋಗೋಣ ಎನಿಸಬಹುದು. ಆದರೆ ದ್ವೀಪ ಇರುವುದು ದಡದಿಂದ ಸುಮಾರು 19 ಕಿಲೋಮೀಟರ್ ಆಚೆ, ಕಡಲಿನೊಳಗೆ. ಬೆಳಗ್ಗೆ ದೋಣಿ ಹತ್ತಿದರೆ ಒಂದೂವರೆ ಗಂಟೆಯ ದಾರಿ. ಬೆನ್ನ ಹಿಂದೆ ಶಿವನ ಮೂರ್ತಿ, ಗೋಪುರ ಎರಡೂ ಚಿಕ್ಕದಾಗುತ್ತ ಹೋಗುತ್ತವೆ. ಪಕ್ಕದಲ್ಲಿ ನೀರು ಮೊದಲು ಕಂದು, ಆಮೇಲೆ ಹಸಿರು, ಕೊನೆಗೆ ಒಮ್ಮೆಲೇ ಗಾಢ ನೀಲಿ. ಆ ಬಣ್ಣ ಬದಲಾದ ಕ್ಷಣದಲ್ಲಿ ನನಗೆ ಗೋವಾದ್ದೂ ಅರ್ಥವಾಯಿತು. ತಿಳಿನೀರು ಬೇಕಾದರೆ ಅಳಿವೆಯಿಂದ ದೂರ ಹೋಗಬೇಕು.

ದ್ವೀಪದ ಬಂಡೆಗೋಡೆಯ ಪಕ್ಕ ಲಂಗರು ಹಾಕಿದರು. ದ್ವೀಪಕ್ಕೆ ಕಾಲಿಡಲಿಲ್ಲ, ನೇರ ನೀರಿಗೆ. ಅಂದು ಹದಿನೈದು ಮೀಟರ್ ದೂರದವರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲ ಸಲ ಇಳಿಯುವವರನ್ನು 12 ಮೀಟರಿಗಿಂತ ಕೆಳಕ್ಕೆ ಒಯ್ಯುವುದಿಲ್ಲ, ನಾನು ಒಂಬತ್ತರಲ್ಲಿದ್ದೆ. ಬಂಡೆಯೊಂದರ ಸಂದಿಯಿಂದ ಮೊರೆ ಈಲ್ ಎಂಬ ಹಾವಿನಂಥ ಮೀನು ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿತ್ತು. ಅದು ಕಚ್ಚಲು ಬರುವುದಲ್ಲ, ಉಸಿರಾಡುವ ರೀತಿಯೇ ಹಾಗೆ ಎಂದು ಇಳಿಯುವ ಮೊದಲೇ ಹೇಳಿದ್ದರಿಂದ ಹತ್ತಿರವೇ ನಿಂತು ನೋಡಿದೆ. ಅದರ ಪಕ್ಕ ಒಂದು ಗಿಳಿಮೀನು ಬಂಡೆಯನ್ನು ಕೊರೆಯುತ್ತಿತ್ತು, ಆ ಕಟಕಟ ಸದ್ದು ನೀರಿನಲ್ಲಿ ಕಿವಿಗೆ ನಿಚ್ಚಳವಾಗಿ ಕೇಳಿಸುತ್ತದೆ. ಮೇಲೆ ನೂರಾರು ಟ್ರಿಗರ್ ಮೀನುಗಳ ಕಪ್ಪು ಮೋಡ. ಉಸಿರಾಡಲು ಬಾಯಲ್ಲಿ ಕಚ್ಚಿಕೊಂಡಿದ್ದ ರೆಗ್ಯುಲೇಟರ್ ತೆಗೆದು ಕೂಗಿ ಹೇಳಬೇಕು ಎನಿಸುವಷ್ಟು ಸಂತೋಷವಾಗಿತ್ತು.

ಕಷ್ಟಗಳನ್ನೂ ಹೇಳಬೇಕು. ತೆರೆದ ಕಡಲಿನಲ್ಲಿ ದೋಣಿ ಚೆನ್ನಾಗಿ ಓಲಾಡುತ್ತದೆ, ನಮ್ಮ ಜೊತೆಗಿದ್ದವರಲ್ಲಿ ಅರ್ಧ ಜನರಿಗೆ ವಾಂತಿ. ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಎರಡನೇ ಸಲ ಹೋದಾಗ ಗಾಳಿ ಜೋರಾಗಿ ಮೊದಲ ದಿನದ ಪ್ರಯಾಣವೇ ರದ್ದಾಯಿತು. ಮಳೆಗಾಲದಲ್ಲಂತೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪೂರ್ತಿ ಬಂದ್. ಇನ್ನೊಂದು ವಿಷಯ, ಡೈವ್ ಮಾಡದವರಿಗೆ ಮುರ್ಡೇಶ್ವರ ಹೇಗೆ ಎನ್ನುವುದು. ಅಕ್ಕನಿಗೆ ನೀರೆಂದರೆ ಭಯ, ದಡದಲ್ಲೇ ಉಳಿದಳು. ದೇವಸ್ಥಾನ ನೋಡಿದಳು, ಗೋಪುರ ಹತ್ತಿದಳು, ಹನ್ನೊಂದು ಗಂಟೆಗೆ ಅವಳ ಊರು ಮುಗಿದಿತ್ತು. ಬೀಚಿನಲ್ಲಿ ಯಾತ್ರಿಕರ ಜಾತ್ರೆ. ನೆರಳಿನಲ್ಲಿ ಪುಸ್ತಕ ಹಿಡಿದು ಕೂರುವ ಜಾಗ ಅದಲ್ಲ. ರೆಸಾರ್ಟ್ ಸುಖ ಬೇಕೆನ್ನುವವರಿಗೆ ಇದು ಕೊರತೆಯೇ.

ಹ್ಯಾವ್‌ಲಾಕ್‌ನ ಹೆಸರನ್ನು 2018ರಲ್ಲಿ ಸ್ವರಾಜ್ ದ್ವೀಪ ಎಂದು ಬದಲಿಸಿದ್ದಾರೆ, ಡೈವ್ ಮಾಡುವವರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್‌ಗೆ (ಈಗಿನ ಶ್ರೀ ವಿಜಯ ಪುರಂ) ವಿಮಾನ, ಅಲ್ಲಿಂದ ಹಡಗಿನಲ್ಲಿ ಎರಡು ಗಂಟೆಯ ಹಾದಿ. ಒಂದು ಡೈವ್‌ನ ಶುಲ್ಕ ನೇತ್ರಾಣಿಗೂ ಇಲ್ಲಿಗೂ ಅಂಥ ವ್ಯತ್ಯಾಸವಿಲ್ಲ. ಜೇಬಿಗೆ ಭಾರವಾಗುವುದು ಹೋಗಿಬರುವ ಖರ್ಚು, ಉಳಿಯುವ ಖರ್ಚು.

ಇಲ್ಲಿ ಕೋಣೆ ಕಾಯ್ದಿರಿಸುವ ಮೊದಲು ತಿಳಿದಿರಲೇಬೇಕಾದ ಒಂದು ಸಂಗತಿ ಇದೆ. ಫೋಟೊಗಳಲ್ಲಿ ಕಾಣುವ ಆ ವಿಶಾಲ ಬಿಳಿ ಮರಳು ರಾಧಾನಗರದ್ದು, ದ್ವೀಪದ ಪಶ್ಚಿಮಕ್ಕೆ. ಡೈವಿಂಗ್ ಕೇಂದ್ರಗಳಲ್ಲಿ ಹೆಚ್ಚಿನವು ಪೂರ್ವದ ಗೋವಿಂದನಗರ, ವಿಜಯನಗರದ ಕಡೆ. ನಾವು ಅಲ್ಲೇ ಇಳಿದುಕೊಂಡೆವು. ಇಳಿತದ ಹೊತ್ತಿಗೆ ಕಡಲು ಬಹು ದೂರ ಹಿಂದೆ ಸರಿದು, ಕೋಣೆಯ ಮುಂದೆ ಕಲ್ಲು, ಸತ್ತ ಹವಳದ ಚೂರು, ಸಣ್ಣ ಸಣ್ಣ ಹೊಂಡಗಳಷ್ಟೇ ಉಳಿಯುತ್ತಿದ್ದವು. ಬರಿಗಾಲಲ್ಲಿ ನಡೆದರೆ ಕಾಲು ಕೊಯ್ಯುತ್ತದೆ. ಈಜಲು ಬಂದವರಿಗೆ ಇದು ನಿರಾಸೆ. ಆದರೆ ಹವಳ ಬೆಳೆಯುವುದು ಇಂಥ ಗಟ್ಟಿ ತಳದಲ್ಲೇ, ಅಲೆ ಸದಾ ಕದಡುವ ಮೆತ್ತನೆಯ ಮರಳಿನಲ್ಲಿ ಅಲ್ಲ. ಕೂರಲು ಒಳ್ಳೆಯ ಬೀಚು, ಮುಳುಗಲು ಒಳ್ಳೆಯ ಬೀಚು ಎರಡೂ ಒಂದೇ ಆಗಿರುವುದು ಅಪರೂಪ ಎಂದು ನಾನು ಕಂಡುಕೊಂಡದ್ದು ಆ ಕೋಣೆಯ ಜಗಲಿಯಲ್ಲಿ ಕುಳಿತು. ಇಲ್ಲಿ ಮಾತ್ರ ಎರಡೂ ಒಂದೇ ದ್ವೀಪದಲ್ಲಿವೆ, ನಡುವೆ ಆಟೋದಲ್ಲಿ ಅರ್ಧ ಗಂಟೆಯ ದಾರಿ. ನಾನು ಬೆಳಗ್ಗೆ ಡೈವ್ ಮುಗಿಸಿ ಬಂದರೆ, ಸಂಜೆ ಅಕ್ಕನ ಜೊತೆ ರಾಧಾನಗರದಲ್ಲಿ ಸೂರ್ಯಾಸ್ತ.

ಓಪನ್ ವಾಟರ್ ಎನ್ನುವ ಸ್ಕೂಬಾದ ಮೊದಲ ಹಂತದ ಕೋರ್ಸ್ ಅನ್ನು ನಾಲ್ಕು ದಿನದಲ್ಲಿ ಅಲ್ಲೇ ಮುಗಿಸಿದೆ. ಅದರ ಪ್ರಮಾಣಪತ್ರ ಕೈಗೆ ಬಂದರೆ ಜೊತೆಗಾರನೊಂದಿಗೆ 18 ಮೀಟರ್‌ವರೆಗೆ ಇಳಿಯಬಹುದು. ಕಲಿಯಲು ಹ್ಯಾವ್‌ಲಾಕ್‌ಗಿಂತ ಅನುಕೂಲದ ಜಾಗವನ್ನು ನಾನು ಕಂಡಿಲ್ಲ, ಏಕೆಂದರೆ ಅಲ್ಲಿನ ನೀಮೋ ರೀಫ್ ಎಂಬ ಡೈವ್ ತಾಣಕ್ಕೆ ದೋಣಿಯೇ ಬೇಡ, ದಡದಿಂದ ನಡೆದುಕೊಂಡೇ ಇಳಿಯಬಹುದು. ಮಾಸ್ಕ್‌ಗೆ ನೀರು ತುಂಬಿಸಿ ಮೂಗಿನಿಂದ ಊದಿ ಹೊರಹಾಕುವ ಪಾಠ ನನಗೆ ಮೂರು ಸಲ ಕೈಕೊಟ್ಟಿತು. ತರಬೇತುದಾರ್ತಿ ಅವಸರಪಡಿಸಲಿಲ್ಲ, ಮಂಡಿಯೂರಿ ಎದುರಿಗೆ ಕುಳಿತು, ಬೆರಳಿನಿಂದ ನಿಧಾನ, ನಿಧಾನ ಎಂದು ಸನ್ನೆ ಮಾಡುತ್ತಲೇ ಇದ್ದರು. ನಾಲ್ಕನೇ ಸಲ ನೀರು ಹೋಗಿ ಕಣ್ಣು ಬಿಟ್ಟರೆ, ಒಂದು ಅಡಿ ದೂರದಲ್ಲಿ ಬೆರಳುದ್ದದ ಕ್ಲೌನ್ ಮೀನು ತಾನು ವಾಸವಿರುವ ಅನಿಮೋನ್ ಎಂಬ ಕಡಲಜೀವಿಯನ್ನು ಬಿಟ್ಟು ಮುಂದೆ ಬಂದು ನನ್ನನ್ನೇ ಹೆದರಿಸುತ್ತಿತ್ತು.

ಆದರೂ ಅಂಡಮಾನಿನ ಹವಳದ ವಿಷಯದಲ್ಲಿ ಅತಿಯಾದ ನಿರೀಕ್ಷೆ ಬೇಡ. 2010ರಲ್ಲಿ ಕಡಲು ಬಿಸಿಯೇರಿ ಅಲ್ಲಿನ ಹವಳ ಬಹುಪಾಲು ಬಿಳುಚಿಕೊಂಡಿತ್ತು, ಆಳವಿಲ್ಲದ ಕಡೆ ಆ ಗಾಯ ಈಗಲೂ ಕಾಣುತ್ತದೆ. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್‌ನಂಥ ಹೆಸರಾಂತ ತಾಣಗಳು ಇನ್ನೂ ಆಳದವು, ಅವಕ್ಕೆ 30 ಮೀಟರಿನ ಅಡ್ವಾನ್ಸ್ಡ್ ಕೋರ್ಸ್ ಇದ್ದರೆ ಒಳ್ಳೆಯದು. ಕೊನೆಯ ಡೈವ್ ಮುಗಿದು 18 ಗಂಟೆಯಾದರೂ ಆಗದೆ ವಿಮಾನ ಹತ್ತುವಂತಿಲ್ಲ. ರಕ್ತದಲ್ಲಿ ಕರಗಿರುವ ನೈಟ್ರೋಜನ್ ಗುಳ್ಳೆಗಟ್ಟುವ ಅಪಾಯವಿರುತ್ತದೆ. ನಾಲ್ಕು ದಿನದ ರಜೆಯಲ್ಲಿ ಹೋಗಿಬರುವ ದಿನ, ಈ ಕಾಯುವ ದಿನ ಕಳೆದರೆ ಉಳಿಯುವುದೇನು? ವಾರ ರಜೆ ಸಿಗದಿದ್ದರೆ ಹ್ಯಾವ್‌ಲಾಕ್‌ಗೆ ಹೋಗಬೇಡಿ ಎಂದೇ ಹೇಳುತ್ತೇನೆ. ಸಿಕ್ಕಿದರೆ ಜನವರಿಯಿಂದ ಏಪ್ರಿಲ್ ನಡುವೆ ಹೋಗಿ, ಕೋರ್ಸ್ ಮಾಡಿಯೇ ಬನ್ನಿ.

ಪ್ರಮಾಣಪತ್ರ ಸಿಕ್ಕ ಮೇಲೆ ಗೋವಾಕ್ಕೆ ಮತ್ತೆ ಹೋದೆ, ಸೂಸೀಸ್ ರೆಕ್ ಎನ್ನುವ ಮುಳುಗಿದ ಹಡಗನ್ನು ನೋಡಲು. ನೀರು ಅದೇ ಹಸಿರೇ, ಆದರೂ ಮಬ್ಬಿನೊಳಗಿಂದ ತುಕ್ಕು ಹಿಡಿದ ಕಬ್ಬಿಣದ ಗೋಡೆ ನಿಧಾನವಾಗಿ ಎದುರಾದಾಗ ಮೈ ಜುಮ್ಮೆಂದಿತು. ಅದರ ಮರೆಯಲ್ಲಿ ಮೀನುಗಳೂ ದಂಡಿಯಾಗಿದ್ದವು. ಬೇರೆ ಕೆಲಸಕ್ಕೆ ಗೋವಾಕ್ಕೆ ಹೋದಾಗ ಒಂದು ಬೆಳಗು ಇದಕ್ಕೆ ಕೊಡಬಹುದು. ಡೈವಿಂಗ್‌ಗಾಗಿಯೇ ಗೋವಾದ ರೆಸಾರ್ಟ್ ಆರಿಸಿಕೊಳ್ಳುವುದು ಬೇಡ.

ಮೊದಲ ಸಲ ನೀರಿಗಿಳಿದು, ಇದು ತಮಗೆ ಒಗ್ಗುತ್ತದೆಯೇ ಎಂದು ನೋಡಬೇಕೆನ್ನುವವರಿಗೆ ನನ್ನ ಆಯ್ಕೆ ನೇತ್ರಾಣಿ. ಅಕ್ಕ ಮೊನ್ನೆ ತಾನಾಗಿಯೇ, "ನಿನ್ನ ಆ ಮೀನನ್ನು ನಾನೂ ಒಮ್ಮೆ ನೋಡುತ್ತೇನೆ ಕಣೋ" ಎಂದಳು. ಡಿಸೆಂಬರ್ ಮೊದಲ ವಾರಕ್ಕೆ ಮುರ್ಡೇಶ್ವರದಲ್ಲಿ ಮೂರು ರಾತ್ರಿ ಕಾಯ್ದಿರಿಸಿದ್ದೇವೆ. ಡೈವ್ ಎರಡನೇ ದಿನ. ಗಾಳಿ ಎದ್ದರೆ ಬೇಕಾಗುತ್ತದೆಂದು ಮೂರನೇ ದಿನವನ್ನು ಖಾಲಿ ಇಟ್ಟಿದ್ದೇವೆ.